ಹುಲಿ ಕಂಡಿತು, ಮನಸ್ಸಿಗೆ ಸಮಾಧಾನವಿಲ್ಲ: ಸಫಾರಿಗೆ ಹೋಗಿ ಬಂದವರು ತಮ್ಮ ಅನುಭವ ಹೇಳಿ

ಕಲಬುರಗಿಯ ಶಿಕ್ಷಕಿ:

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ನಾವು ಐದು ಜನ ವಿದರ್ಭದ ಒಂದು ಹುಲಿ ಮೀಸಲು ಪ್ರದೇಶಕ್ಕೆ ಹೋಗಿ ಬಂದೆವು. ನಾನು, ಮನೆಯವರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ನಮ್ಮ ಅತ್ತೆ. ಕಲಬುರಗಿಯವರಿಗೆ ಬಂಡೀಪುರ, ನಾಗರಹೊಳೆಗಿಂತ ಆ ಕಡೆಯ ಕಾಡೇ ಹತ್ತಿರ. ಯಾವ ಕಾಡು, ಯಾವ ಗೇಟು ಎಂದು ಬರೆಯುವುದಿಲ್ಲ. ನನ್ನ ಪ್ರಶ್ನೆ ಆ ಒಂದು ಗೇಟಿಗೆ ಸೇರಿದ್ದಲ್ಲ.

ಬೆಳಗಿನ ಸರದಿ. ಗಾಡಿ ಕಾಡು ಹೊಕ್ಕಾಗ ನೆಲದ ತುಂಬ ಹಿಪ್ಪೆ ಹೂವು ಉದುರಿತ್ತು, ಗಾಳಿಯಲ್ಲಿ ಅದರದೇ ಸಿಹಿ ವಾಸನೆ. ಗೈಡ್ ಇಂಜಿನ್ ನಿಲ್ಲಿಸಲು ಹೇಳಿ ಕಿವಿಗೊಟ್ಟರು. ದೂರದಲ್ಲೊಂದು ಮುಸುವ ಕೂಗಿತು, ಅದರ ಬೆನ್ನಿಗೇ ಚುಕ್ಕೆ ಜಿಂಕೆ. ಆ ಹತ್ತು ನಿಮಿಷದ ಮೌನವನ್ನು ನನ್ನ ಮಕ್ಕಳು ಬದುಕಿನುದ್ದಕ್ಕೂ ನೆನಪಿಡುತ್ತಾರೆ ಎಂದುಕೊಂಡೆ.

ಆಮೇಲೆ ಹುಲಿ ಕಂಡಿತು. ತಾಯಿ ಹುಲಿ, ಜೊತೆಗೆ ಎರಡು ಮರಿ. ನೀರಿನ ಹೊಂಡದಿಂದ ಎದ್ದು ರಸ್ತೆ ದಾಟಿ ಆಚೆಯ ಬಿದಿರು ಮೆಳೆಗೆ ಹೋಗುವ ಉದ್ದೇಶ ಅದರದು. ಅಷ್ಟರಲ್ಲಿ ಎರಡೂ ಕಡೆಯಿಂದ ಗಾಡಿಗಳು ಬಂದವು. ನಾನು ಎಣಿಸಿದೆ, ಹತ್ತೊಂಬತ್ತು ಜಿಪ್ಸಿ. ಒಂದರ ಮೂತಿಗೆ ಇನ್ನೊಂದರ ಬೆನ್ನು ತಾಗುವ ಹಾಗೆ ನಿಂತಿದ್ದವು. ಹುಲಿ ಮೂರು ಸಲ ರಸ್ತೆಯ ಅಂಚಿಗೆ ಬಂದು ಮೂರು ಸಲವೂ ಹಿಂದಕ್ಕೆ ಹೋಯಿತು. ಮೂರನೆಯ ಸಲ ಒಂದು ಮರಿ ಈಚೆ, ತಾಯಿ ಆಚೆ. ಜನ ಸೀಟಿನ ಮೇಲೆ ಹತ್ತಿ ನಿಂತು ‘ಇತ್ತ ನೋಡು, ಇತ್ತ’ ಎಂದು ಹುಲಿಯನ್ನೇ ಕರೆಯುತ್ತಿದ್ದರು. ನಮ್ಮ ಅತ್ತೆ ನನ್ನ ಕೈ ಹಿಡಿದು, ‘ಬಾಣಂತಿಯ ದಾರಿಗೆ ಅಡ್ಡ ನಿಲ್ಲಬಾರದು ತಾಯಿ, ಗಾಡಿ ಹಿಂದಕ್ಕೆ ತೆಗೆಯಲು ಹೇಳು’ ಎಂದರು. ನಾನು ಹೇಳಿದೆ. ಗೈಡ್ ಹುಡುಗ ಅಸಹಾಯಕನಾಗಿ ಹಿಂದೆ ನೋಡಿದ. ತೆಗೆಯಲು ಜಾಗವೇ ಇರಲಿಲ್ಲ.

ಮಧ್ಯಾಹ್ನ ಅವನನ್ನೇ ಕೇಳಿದೆ. ‘ಹುಲಿ ತೋರಿಸದಿದ್ದರೆ ದೂರು ಬರೆಯುತ್ತಾರೆ ಮೇಡಂ, ದೂರದಲ್ಲಿ ನಿಲ್ಲಿಸಿದರೆ ಬೈಯುತ್ತಾರೆ’ ಎಂದ. ಅಂದರೆ ಆ ಹತ್ತೊಂಬತ್ತು ಗಾಡಿಗಳನ್ನು ಅಲ್ಲಿಗೆ ಎಳೆದು ತಂದವರು ನಾವೇ.

ನಾನು ಕೇಳಬೇಕಾದದ್ದು ಎರಡು. ಹುಲಿ ಕಾಡಿನಲ್ಲಿ ಪ್ರವಾಸಿಗರಿಗೆ ಇರುವ ನಿಯಮಗಳೇನು? ಎರಡನೆಯದು, ನಮ್ಮ ಚಿಂಚೋಳಿಯ ಕಾಡಿಗೆ, ಬೀದರಿನ ಕೃಷ್ಣಮೃಗಗಳ ಬಯಲಿಗೆ ಈಗ ಜನ ಹೋಗತೊಡಗಿದ್ದಾರೆ. ಅಲ್ಲಿಗೂ ಇದೇ ಗದ್ದಲ ಬರುವ ಮೊದಲು ನಾವು ಏನಾದರೂ ಮಾಡಬಹುದೇ?

ಸುರಪುರದ ಓದುಗ:

ಅಕ್ಕಾವರೇ, ನಮ್ಮದು ಬೇರೆ ಅನುಭವ. ಯಾದಗಿರಿಯಲ್ಲಿ ಬಸವ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗಿ, ಅಲ್ಲಿಂದ ನಾಗರಹೊಳೆ ಕಾಡಿನ ಕಬಿನಿ ಭಾಗಕ್ಕೆ ಹೋಗಿದ್ದೆವು. ಮೇ ತಿಂಗಳು. ಜಲಾಶಯದ ನೀರು ಇಳಿದು ಅಂಚಿನಲ್ಲಿ ಹಸಿ ಹುಲ್ಲು ಎದ್ದಿತ್ತು. ಆನೆಗಳ ಹಿಂಡು ಹಿಂಡೇ ಅಲ್ಲಿಗೆ ಇಳಿದಿದ್ದವು. ಹುಲಿ ಕಾಣಲಿಲ್ಲ. ಸೀಳುನಾಯಿಗಳು ಕಂಡವು, ಒಂದು ಕಡವೆ ನೀರಿನಲ್ಲಿ ಎದೆಮಟ್ಟ ನಿಂತು ಅವುಗಳನ್ನೇ ನೋಡುತ್ತಿತ್ತು. ನಮ್ಮ ಚಾಲಕರು ಇಂಜಿನ್ ಆರಿಸಿ, ಗಾಡಿಯನ್ನು ಬಹಳ ದೂರದಲ್ಲೇ ನಿಲ್ಲಿಸಿ, ಮಾತನಾಡಬೇಡಿ ಎಂದು ಬೆರಳು ತುಟಿಗಿಟ್ಟರು. ಅರ್ಧ ಗಂಟೆ ನಮ್ಮದೊಂದೇ ಗಾಡಿ. ಒಳ್ಳೆಯ ಚಾಲಕ ಸಿಕ್ಕರೆ ಕಾಡು ಎಷ್ಟು ಕೊಡುತ್ತದೆ ಎಂಬುದನ್ನು ಅವತ್ತು ಕಂಡೆ.

ಸೇಡಂ ವಕೀಲ:

ಮೇಡಂ, ನಿಯಮಗಳು ಇವೆ, ಅದೂ ಬಹಳ ಸ್ಪಷ್ಟವಾಗಿ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ಕೋರ್ ಪ್ರದೇಶದಲ್ಲಿ, ಅಂದರೆ ಕಾಡಿನ ಒಳಗಿನ ಬಿಗಿ ರಕ್ಷಣೆಯ ಭಾಗದಲ್ಲಿ, ಪ್ರವಾಸವನ್ನೇ ತಡೆಹಿಡಿದಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದ ಮೇಲೆ ತಡೆ ತೆರವಾಯಿತು. ಕೋರ್ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ, ಗಾಡಿಯಿಂದ ಗಾಡಿಗೆ ಕನಿಷ್ಠ 50 ಮೀಟರ್ ಅಂತರ ಇರಬೇಕು. ಒಂದಕ್ಕಿಂತ ಹೆಚ್ಚು ಗಾಡಿ ಸೇರಿದರೆ ಯಾವ ಗಾಡಿಯೂ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲಬಾರದು. ಆ ಲೆಕ್ಕದಲ್ಲಿ ನೀವು ಕಂಡ ಹತ್ತೊಂಬತ್ತು ಗಾಡಿಗಳು ಸಾಲಾಗಿ ನಿಲ್ಲಬೇಕಿದ್ದರೆ ಒಂದು ಕಿಲೋಮೀಟರಿನಷ್ಟು ರಸ್ತೆ ಬೇಕಾಗುತ್ತಿತ್ತು.

ನೀವು ಕಂಡದ್ದು ಮೊದಲನೆಯದೇನಲ್ಲ. 2024ರ ಡಿಸೆಂಬರ್ 31ರಂದು ಮಹಾರಾಷ್ಟ್ರದ ಉಮರೇಡ್-ಕರ್ಹಾಂಡ್ಲಾ ಅಭಯಾರಣ್ಯದಲ್ಲಿ ಒಂದು ತಾಯಿ ಹುಲಿಯನ್ನು, ಅದರ ಐದು ಮರಿಗಳನ್ನು ಜಿಪ್ಸಿಗಳು ಎರಡೂ ಕಡೆಯಿಂದ ಸುತ್ತುವರಿದಿದ್ದವು. ವಿಡಿಯೊ ಹರಿದಾಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಚಾಲಕರು, ಗೈಡ್‌ಗಳ ಮೇಲೆ ಅಮಾನತು, ದಂಡ ಎಲ್ಲವೂ ಆದವು. ಅಲ್ಲಿಯೂ ಶಿಕ್ಷೆಗೆ ಮೊದಲು ಸಿಕ್ಕವರು ಗೈಡ್ ಮತ್ತು ಚಾಲಕರೇ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನ ಪ್ರಕರಣದ ತೀರ್ಪಿನಲ್ಲಿ ರಾತ್ರಿ ಪ್ರವಾಸವನ್ನು ನಿಷೇಧಿಸಿತು, ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆಗೂ ತಡೆ ಹಾಕಿತು. ಎಲ್ಲಿ ಹುಲಿ ಬಂದಿದೆ ಎಂಬ ಸುದ್ದಿ ಫೋನಿನಲ್ಲಿ ಹರಡುವುದು ನಿಂತರೆ ಅರ್ಧ ಗದ್ದಲ ತಾನಾಗಿ ಇಳಿಯುತ್ತದೆ.

ಶಹಾಬಾದ್ ವ್ಯಾಪಾರಿ:

ಎಲ್ಲರೂ ಒಂದೇ ರಾಗ ಹಾಡುವ ಮೊದಲು ನನ್ನ ಮಾತನ್ನೂ ಕೇಳಿ. ನನ್ನದು ಸಣ್ಣ ಅಂಗಡಿ. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಒಮ್ಮೆ ಹುಲಿ ಕಾಡಿಗೆ ಕರೆದುಕೊಂಡು ಹೋದೆ. ರೈಲು, ವಸತಿ, ಜಿಪ್ಸಿ, ಗೈಡ್, ಎಲ್ಲ ಲೆಕ್ಕ ಹಾಕಿದರೆ ಅದು ನನಗೆ ಸಣ್ಣ ಮೊತ್ತವಲ್ಲ. ಬುಕಿಂಗ್ ಮಾಡಿಕೊಟ್ಟ ಮಧ್ಯವರ್ತಿಯೊಬ್ಬರು ಹುಲಿ ಖಂಡಿತ ಕಾಣುತ್ತದೆ ಎಂದು ಮಾತು ಕೊಟ್ಟಿದ್ದರು. ಕಾಣಲಿಲ್ಲ. ನನ್ನ ಮಗಳು ವಾಪಸ್ ಬರುವಾಗ ರೈಲಿನಲ್ಲಿ ಅತ್ತಳು. ಬೆಂಗಳೂರಿನವರು ತಿಂಗಳಿಗೊಮ್ಮೆ ಕಬಿನಿಗೆ ಹೋಗಿ ಬರಬಹುದು. ನಾವು ಜೀವನದಲ್ಲಿ ಒಂದು ಸಲ ಹೋಗುತ್ತೇವೆ. ಹುಲಿ ಎದುರು ನಿಂತಾಗ ಹದಿನೈದು ನಿಮಿಷಕ್ಕೆ ಹೊರಡಿ ಎಂದರೆ ಹೇಗೆ? ಪ್ರವಾಸಿಗರ ಸಂಖ್ಯೆ ಇಳಿದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಆ ಗೈಡ್ ಹುಡುಗರಿಗೇ ಅಲ್ಲವೇ?

ಬೀದರ್ ಬಯಲು:

ವ್ಯಾಪಾರಿ ಅಣ್ಣಾ, ನಿಮ್ಮ ಮಗಳ ಅಳು ನನಗೆ ಅರ್ಥವಾಗುತ್ತದೆ. ತಪ್ಪು ಅವಳದಲ್ಲ, ಕಾಡುಪ್ರಾಣಿಯ ಹೆಸರಿನಲ್ಲಿ ಖಾತರಿ ಕೊಟ್ಟವರದು.

ನಾನು ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಫೋಟೊ ತೆಗೆಯುವುದು ನನ್ನ ಹವ್ಯಾಸ. ಬೀದರ್ ಸುತ್ತಿನ ಬಯಲಿನಲ್ಲಿ, ಹೊನ್ನಿಕೇರಿ ಕಡೆ ಕೃಷ್ಣಮೃಗಗಳಿವೆ ಎಂಬುದು ನಮ್ಮ ಊರಿನವರಿಗೇ ಬಹಳ ಜನರಿಗೆ ಗೊತ್ತಿರಲಿಲ್ಲ. ಐದಾರು ವರ್ಷಗಳ ಹಿಂದೆ ನಾನು, ಇಬ್ಬರು ಗೆಳೆಯರು ಬೈಕಿನಲ್ಲಿ ಅವುಗಳ ಹಿಂದೆ ಹೋಗುತ್ತಿದ್ದೆವು. ಓಡುವ ಕೃಷ್ಣಮೃಗದ ಚಿತ್ರ ಬೇಕಾಗಿತ್ತು. ಅದು ನೆಲ ಬಿಟ್ಟು ಚಿಮ್ಮುವ ಕ್ಷಣ, ಗಂಡಿನ ಸುರುಳಿ ಕೊಂಬು, ಹಿಂದೆ ಎದ್ದ ಕೆಂಪು ಧೂಳು. ಅಂಥ ಚಿತ್ರ ಬೇಕಾದರೆ ಅದನ್ನು ಓಡಿಸಬೇಕು. ಓಡಿಸುತ್ತಿದ್ದೆವು.

ಒಂದು ದಿನ ಹಿಂಡು ಚದುರಿದ ಮೇಲೆ ಒಂದು ಹೆಣ್ಣು ಮಾತ್ರ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿತ್ತು. ಬೈಕು ನಿಲ್ಲಿಸಿ ನೋಡಿದರೆ ನಮ್ಮ ಚಕ್ರದಿಂದ ಎರಡು ಮಾರು ದೂರದಲ್ಲಿ ಹುಲ್ಲಿನಲ್ಲಿ ಮರಿ ಮಲಗಿತ್ತು. ಕೃಷ್ಣಮೃಗದ ಎಳೆಯ ಮರಿ ಅಪಾಯ ಬಂದಾಗ ಓಡುವುದಿಲ್ಲ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿರುತ್ತದೆ, ಅದು ಉಸಿರು ಬಿಗಿಹಿಡಿದು ನೆಲಕ್ಕೆ ಅಂಟಿಕೊಂಡಿರುತ್ತದೆ. ಒಂದು ಗೇಣು ಆಚೀಚೆಯಾಗಿದ್ದರೆ ನಮ್ಮ ಚಕ್ರ ಅದರ ಮೇಲೆಯೇ ಹರಿಯುತ್ತಿತ್ತು. ಅವತ್ತಿನಿಂದ ಬಯಲಿಗೆ ಬೈಕು ಇಳಿಸಿಲ್ಲ. ಬಂಡಿದಾರಿಯ ಅಂಚಿನಲ್ಲಿ, ಒಂದು ಬೇವಿನ ಮರದ ಕೆಳಗೆ ಗಂಟೆಗಟ್ಟಲೆ ಕೂರುತ್ತೇನೆ. ಚಿತ್ರ ಕಡಿಮೆ ಸಿಗುತ್ತವೆ. ಆದರೆ ಪ್ರಾಣಿ ತನ್ನಷ್ಟಕ್ಕೆ ಮೇಯುತ್ತಿರುವ ಚಿತ್ರ ಸಿಗುತ್ತದೆ.

ಹುಲಿ ಕಾಡಿಗೆ ಗೇಟ್ ಇದೆ, ಗೈಡ್ ಇದ್ದಾನೆ, ದಾರಿ ಗುರುತಾಗಿದೆ. ಬಯಲಿಗೆ ಅದ್ಯಾವುದೂ ಇಲ್ಲ. ಎಲ್ಲಿ ಬೇಕಾದರೂ ಗಾಡಿ ಇಳಿಯುತ್ತದೆ. ನೋಡಿದವರು ಇದನ್ನು ಪಾಳು ಭೂಮಿ ಎಂದುಕೊಳ್ಳುತ್ತಾರೆ. ಟಿಟ್ಟಿಭ ಮೊಟ್ಟೆ ಇಡುವುದೂ ಇದೇ ಬರಿ ನೆಲದ ಮೇಲೆ. ನನ್ನ ಭಯವೆಲ್ಲ ಅಲ್ಲಿದೆ.

ಮುಲ್ಲಾಮಾರಿ ದಂಡೆ:

ನಾನು ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾದವನು, ಕುಂಚಾವರಂ ಕಡೆಯವನು. ಅಕ್ಕಾವರು ನಮ್ಮ ಕಾಡಿನ ಹೆಸರು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ.

ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ಸುಮಾರು 135 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣ ಭೂಮಿ ವನ್ಯಜೀವಿಧಾಮ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇಲ್ಲಿ ಹುಲಿ ಇಲ್ಲ. ತೋಳ ಇದೆ, ಕತ್ತೆಕಿರುಬ ಇದೆ, ನರಿ, ಕೊಂಡುಕುರಿ ಇವೆ. ರಕ್ತಚಂದನದ ಮರಗಳಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರಂಪಳ್ಳಿ ಜಲಾಶಯದ ದಂಡೆಗೆ ಬಂದು ನಿಂತರೆ ಇದು ಕಲಬುರಗಿ ಜಿಲ್ಲೆಯೇ ಎಂದು ಕೇಳುತ್ತೀರಿ. ಎತ್ತಿಪೋತ ಜಲಪಾತಕ್ಕೆ ಆಗ ಜನ ಹೆಚ್ಚು.

ಈಗ ವಾರಾಂತ್ಯದ ಸ್ಥಿತಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಕಲಬುರಗಿ, ಬೀದರ್, ಹೈದರಾಬಾದ್ ಕಡೆಯಿಂದ ಕಾರುಗಳು ಬರುತ್ತವೆ. ಕಾರಿನ ಬಾಗಿಲು ತೆರೆದು ಹಾಡು ಹಾಕುತ್ತಾರೆ. ಸಂಜೆಗೆ ಬಾಟಲಿ, ಬಿರಿಯಾನಿ ಪೊಟ್ಟಣ, ಪ್ಲಾಸ್ಟಿಕ್ ತಟ್ಟೆ. ಸೋಮವಾರ ನಮ್ಮ ಆಡುಗಳು ಅದನ್ನೇ ಮೂಸುತ್ತವೆ. ಕಳೆದ ಬೇಸಿಗೆಯಲ್ಲಿ ಯಾರೋ ಅಡುಗೆ ಮಾಡಿ ಕೆಂಡ ಆರಿಸದೆ ಹೋದರು. ಒಣ ಹುಲ್ಲು ಹೊತ್ತಿಕೊಂಡಿತು. ತಾಂಡಾದ ಹುಡುಗರೇ ಹಸಿ ಸೊಪ್ಪಿನಿಂದ ಬಡಿದು ಆರಿಸಿದೆವು. ನನ್ನ ತಂದೆಯ ಅಂಗೈ ಸುಟ್ಟಿತು.

ನಮ್ಮ ಮನೆಯ ಎರಡು ಆಡುಗಳನ್ನು ತೋಳ ಹಿಡಿದಿದೆ. ಆದರೂ ತಂದೆ ತೋಳದ ಮೇಲೆ ಕೋಪ ಮಾಡಿಕೊಂಡಿಲ್ಲ. ‘ಅದಕ್ಕೂ ಮರಿಗಳಿವೆ’ ಎಂದಷ್ಟೇ ಹೇಳಿದರು. ನಾಳೆ ಇಲ್ಲಿ ಸಫಾರಿ ಬಂದರೆ ಗಾಡಿ ಯಾರದು, ಗೈಡ್ ಯಾರು, ಟಿಕೆಟಿನ ದುಡ್ಡಿನಲ್ಲಿ ತಾಂಡಾಕ್ಕೆ ಏನು? ಬೆಂಕಿ ಆರಿಸುವಾಗ ನಾವು ಬೇಕು, ಗೈಡ್ ಕೆಲಸಕ್ಕೆ ಹೊರಗಿನಿಂದ ಯಾರೋ ಬರಬೇಕು ಎಂದಾದರೆ ಒಪ್ಪುವುದು ಕಷ್ಟ.

ಕಲಬುರಗಿಯ ಶಿಕ್ಷಕಿ:

ಮುಲ್ಲಾಮಾರಿ ತಮ್ಮಾ, ನಿಮ್ಮ ತಂದೆಯವರ ಕೈ ಈಗ ಹೇಗಿದೆ? ನಾನು ನನ್ನ ವಿದ್ಯಾರ್ಥಿಗಳನ್ನು ಎರಡು ಸಲ ಚಂದ್ರಂಪಳ್ಳಿಗೆ ಕರೆತಂದಿದ್ದೇನೆ. ನಾವು ಬಿಟ್ಟು ಬಂದ ತಟ್ಟೆಗಳನ್ನು ಯಾರು ಎತ್ತಿದರು ಎಂದು ಈವರೆಗೆ ಯೋಚಿಸಿರಲಿಲ್ಲ. ಕ್ಷಮೆ ಇರಲಿ.

ವ್ಯಾಪಾರಿ ಅಣ್ಣಾ, ನಿಮ್ಮ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ, ದೂರದವರಿಗೆ ಅವಕಾಶ ಕಡಿಮೆ. ಆದರೆ ಹುಲಿಗೆ ನಾವು ಮೊದಲ ಸಲ ಬಂದವರು, ಅವರು ಹತ್ತನೆಯ ಸಲ ಬಂದವರು ಎಂಬ ಭೇದವಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ, ದಿನಾ ಸಂಜೆ ಅದೇ ಗಾಡಿಗಳು. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವಿಜ್ಞಾನಿಗಳು ಮಧ್ಯಪ್ರದೇಶದ ಕಾನ್ಹಾ ಮತ್ತು ಬಾಂಧವಗಢದ ಹುಲಿಗಳ ಮಲದ ಮಾದರಿ ತಂದು ಅದರಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆ ಎಂದು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ದಾರೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಅದು ಹೆಚ್ಚು, ಗಾಡಿಗಳ ಸಂಖ್ಯೆ ಏರಿದಂತೆ ಅದೂ ಏರುತ್ತದೆ. ಆ ತಾಯಿ ಹುಲಿ ಮೂರು ಸಲ ಹಿಂದಕ್ಕೆ ಹೋದದ್ದನ್ನು ಕಣ್ಣಾರೆ ಕಂಡ ನನಗೆ ಅದನ್ನು ನಂಬಲು ಕಷ್ಟವಾಗಲಿಲ್ಲ.

ನಿವೃತ್ತ ಅರಣ್ಯ ನೌಕರ, ಭಾಲ್ಕಿ:

ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನಲ್ಲಿ, ಸೇವೆಯ ಹೆಚ್ಚಿನ ಕಾಲ ಬಂಡೀಪುರ ಕಡೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿ, ಬಂಡೀಪುರದಲ್ಲೇ 150. ಈ ಸಂಖ್ಯೆಯ ಹಿಂದೆ ಕಾಡ್ಗಿಚ್ಚು ಹರಡದಂತೆ ಬೆಂಕಿರೇಖೆ ಕಡಿದವರು, ರಾತ್ರಿ ಗಸ್ತು ತಿರುಗಿದವರು, ಕಳ್ಳಬೇಟೆ ತಡೆ ಶಿಬಿರದಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ಇದ್ದವರು ಇದ್ದಾರೆ. ಅವರಲ್ಲಿ ಬಹಳ ಜನ ದಿನಗೂಲಿಯವರು.

ಸಫಾರಿಯ ನಿರ್ವಹಣೆ ಹೊರಗಿನಿಂದ ಕಂಡಷ್ಟು ಸರಳವಲ್ಲ. ಟಿಕೆಟ್ ಕೊಡಲು, ಗಾಡಿ ಬಿಡಲು, ಜನರನ್ನು ಸಾಲಿನಲ್ಲಿ ನಿಲ್ಲಿಸಲು, ಗಣ್ಯರು ಬಂದರೆ ಅವರ ಹಿಂದೆ ಓಡಾಡಲು ಸಿಬ್ಬಂದಿ ಬೇಕು. ಆ ಕೈಗಳು ಎಲ್ಲಿಂದ ಬರುತ್ತವೆ? ಕಾಡಿನ ಕೆಲಸದಿಂದಲೇ. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ನಮ್ಮ ಭಾಲ್ಕಿಯವರೇ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಸಫಾರಿ ನಿಲ್ಲಿಸಿ, ಸಫಾರಿಯ ಸಿಬ್ಬಂದಿಯನ್ನೂ ಚಾಲಕರನ್ನೂ ಹುಲಿ ಪತ್ತೆಯ ಕೆಲಸಕ್ಕೆ ಹಾಕಲು ಸೂಚಿಸಿದರು. ರೆಸಾರ್ಟಿನವರಿಗೆ ನಷ್ಟವಾಯಿತು, ಗೈಡ್‌ಗಳಿಗೆ ಕಷ್ಟವಾಯಿತು, ನಿಜ. ಆದರೆ ಹೊಲದಲ್ಲಿ ದನ ಮೇಯಿಸುವವನಿಗೆ ಹುಲಿ ಭಯ, ಜಿಪ್ಸಿಯಲ್ಲಿ ಕೂತವನಿಗೆ ಹುಲಿ ಸಂಭ್ರಮ ಎಂಬ ಸ್ಥಿತಿ ಬಹಳ ದಿನ ನಡೆಯುವುದಿಲ್ಲ. ಅಂಚಿನ ಊರಿನ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಅದೇ ವರ್ಷ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಕಂಡೆವು. ವಿಷ ಬೆರೆತ ದನದ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅನುಭವದಿಂದ ಹೇಳುವುದಾದರೆ ಗದ್ದಲ ಇಳಿಸಲು ಗಾಡಿಗಳ ಸಂಖ್ಯೆ ಕಡಿಮೆ ಮಾಡಿದರೆ ಸಾಲದು, ಗಾಡಿಗೊಂದು ದಾರಿ ಗೊತ್ತುಮಾಡಬೇಕು. ಗೇಟಿನಲ್ಲೇ ಚೀಟಿ ಎತ್ತಿ ಇಂಥ ಗಾಡಿ ಇಂಥ ದಾರಿ ಎಂದು ಬರೆದುಕೊಟ್ಟರೆ ಬೇರೆ ದಾರಿಯಲ್ಲಿ ಹುಲಿ ಕಂಡರೂ ಅಲ್ಲಿಗೆ ನುಗ್ಗುವಂತಿಲ್ಲ. ಪ್ರವಾಸಿಗರು ಗೊಣಗುತ್ತಾರೆ. ಗೊಣಗಲಿ.

ಇನ್ನೊಂದು ಮಾತು, ಬಂಡೀಪುರದ ಹೆದ್ದಾರಿಯಲ್ಲಿ ಹಾದು ಹೋಗುವವರಿಗೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಹಗಲಿನಲ್ಲಿ ಕಾರಿನಿಂದ ಇಳಿದು ಆನೆಯ ಜೊತೆ ಸೆಲ್ಫಿಗೆ ಹೋಗಬೇಡಿ. 2025ರ ಆಗಸ್ಟ್‌ನಲ್ಲಿ ಹಾಗೆ ಹೋದವರೊಬ್ಬರು ಆನೆಯ ಕಾಲಡಿಯಿಂದ ಕೂದಲೆಳೆಯಲ್ಲಿ ಪಾರಾದರು, ಮೇಲೆ 25 ಸಾವಿರ ರೂಪಾಯಿ ದಂಡ.

ಶಹಾಬಾದ್ ವ್ಯಾಪಾರಿ:

ಹಿರಿಯರು ಹೇಳಿದ ಚೀಟಿಯ ಕ್ರಮ ನನಗೆ ಒಪ್ಪಿಗೆ. ಅದರಲ್ಲಿ ಬಡವ, ಬಲ್ಲಿದ ಎಂಬ ಭೇದವಿಲ್ಲ. ನನಗೆ ಬೇಸರವಾದದ್ದು ಹುಲಿ ಕಾಣದ್ದಕ್ಕಿಂತ ಸುಳ್ಳು ಮಾತಿನಿಂದ ಎಂದು ಈಗ ಅನಿಸುತ್ತಿದೆ. ಮೊದಲೇ ‘ಕಾಣಬಹುದು, ಕಾಣದಿರಬಹುದು’ ಎಂದು ಹೇಳಿದ್ದರೆ ಮಗಳಿಗೂ ಹಾಗೆಯೇ ಹೇಳಿ ಕರೆದೊಯ್ಯುತ್ತಿದ್ದೆ. ಅವತ್ತು ಅವಳು ಒಂದು ಕರಡಿ ಹುತ್ತ ಅಗೆಯುವುದನ್ನು ನೋಡಿದಳು. ಹುಲಿಯ ಗುಂಗಿನಲ್ಲಿ ನಾವೇ ‘ಅದು ಬಿಡು, ಮುಂದೆ ಹೋಗೋಣ’ ಎಂದು ಗಾಡಿ ಓಡಿಸಿದೆವು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಟಿಕೆಟಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಸೇಡಂ ವಕೀಲ:

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಂತೆ ಪ್ರತಿ ಹುಲಿ ಮೀಸಲಿಗೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಪ್ರವೇಶ ಶುಲ್ಕದ ಹಣ ಅದರ ಮೂಲಕ ಕಾಡಿಗೂ ಸುತ್ತಲಿನ ಊರುಗಳಿಗೂ ಬಳಕೆಯಾಗಬೇಕು. ಚಿಂಚೋಳಿ ಹುಲಿ ಮೀಸಲು ಅಲ್ಲ, ಹೀಗಾಗಿ ಆ ವ್ಯವಸ್ಥೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಆದರೆ ಅದು ವನ್ಯಜೀವಿಧಾಮ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಳಗೆ ಹೋಗುವುದಕ್ಕೇ ನಿರ್ಬಂಧವಿದೆ, 28ರ ಪ್ರಕಾರ ಪ್ರವಾಸಕ್ಕೆ ಅನುಮತಿ ಬೇಕು. ಹಾಡು ಹಾಕಿ ಅಡುಗೆ ಮಾಡುವ ಹಕ್ಕು ಯಾರಿಗೂ ಇಲ್ಲ.

ಮುಲ್ಲಾಮಾರಿ ತಮ್ಮಾ, ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಸಿ. ಗೈಡ್ ಕೆಲಸ ತಾಂಡಾ ಮತ್ತು ಊರಿನ ಯುವಕ, ಯುವತಿಯರಿಗೇ, ಭಾನುವಾರ ಒಳಗೆ ಬಿಡುವ ಗಾಡಿಗಳಿಗೆ ಮಿತಿ, ಬೇಸಿಗೆಯಲ್ಲಿ ಬೆಂಕಿ ಪೂರ್ಣ ನಿಷೇಧ. ಅರ್ಜಿ ನಾನು ಬರೆದುಕೊಡುತ್ತೇನೆ, ಶುಲ್ಕ ಬೇಡ.

ಬೀದರ್ ಬಯಲು:

ಅದರಲ್ಲಿ ನಮ್ಮ ಬಯಲನ್ನೂ ಸೇರಿಸುವ ಹಾಗಿದ್ದರೆ ಹೇಳಿ. ಪುಣೆ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಮಹಾರಾಷ್ಟ್ರದ ಅರಣ್ಯ ಇಲಾಖೆ ತೋಳ, ನರಿ, ಚಿಂಕಾರ ನೋಡಲು ಬರುವವರಿಗಾಗಿ ಸಫಾರಿ ನಡೆಸುತ್ತಿದೆ. ಹೋಗಿ ನೋಡಿ ಬಂದು ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ಕೃಷ್ಣಮೃಗ ಬರೀ ಕಾಡಿನಲ್ಲಿಲ್ಲ, ಉದ್ದು, ಹೆಸರು, ಕಡಲೆ ಹೊಲದಲ್ಲಿದೆ. ಬೆಳೆ ಕಳೆದುಕೊಂಡೂ ಕಲ್ಲು ಎತ್ತದ ರೈತರಿದ್ದಾರೆ. ಅವರ ಹೊಲದಲ್ಲಿ ನಮ್ಮ ಗಾಡಿ ಹರಿಸಿ ಫೋಟೊ ತೆಗೆದರೆ ಅವರ ತಾಳ್ಮೆ ಎಷ್ಟು ದಿನ ಉಳಿದೀತು?

ಮುಲ್ಲಾಮಾರಿ ದಂಡೆ:

ತಂದೆಯ ಕೈ ಮಾಗಿದೆ ಅಕ್ಕಾವರೇ, ಎರಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ವಕೀಲ ಸರ್, ಠರಾವಿನ ವಿಷಯ ತಾಂಡಾದ ನಾಯಕರಿಗೆ ಹೇಳಿದ್ದೇನೆ, ಮುಂದಿನ ಸಭೆಗೆ ನೀವು ಬಂದರೆ ಒಳ್ಳೆಯದು. ಅಕ್ಕಾವರೇ, ಮಳೆ ನಿಂತ ಮೇಲೆ ನೀವೂ ಬನ್ನಿ. ಕಲಬುರಗಿಯಿಂದ ಬೆಳಗಿನ ನಾಲ್ಕಕ್ಕೆ ಹೊರಟರೆ ಹೊತ್ತು ಮೂಡುವುದರೊಳಗೆ ತಲುಪುತ್ತೀರಿ. ಕಾಡಿನ ತಿರುವು ಬಂದ ಮೇಲೆ ಹಾರನ್ ಬೇಡ. ಅನುಮತಿ ಮೊದಲೇ ಪಡೆಯೋಣ. ತೋಳ ಕಾಣುತ್ತದೆ ಎಂದು ಮಾತು ಕೊಡುವುದಿಲ್ಲ, ಅದರ ಹೆಜ್ಜೆ ಮಾತ್ರ ತೋರಿಸುತ್ತೇನೆ. ಜಲಾಶಯದ ಕೆಸರಿನಲ್ಲಿ ಅದು ಚೆನ್ನಾಗಿ ಮೂಡಿರುತ್ತದೆ. ವ್ಯಾಪಾರಿ ಅಣ್ಣನವರ ಮಗಳನ್ನೂ ಕರೆದುಕೊಂಡು ಬನ್ನಿ.

ಕಲಬುರಗಿಯ ಶಿಕ್ಷಕಿ:

ಅತ್ತೆಯವರಿಗೆ ಓದಿ ಹೇಳಿದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತೇವೆ, ಬಟ್ಟೆಯ ಗಂಟಿನಲ್ಲಿ. ವ್ಯಾಪಾರಿ ಅಣ್ಣಾ, ಶಹಾಬಾದಿನಿಂದ ನೀವು ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದುಬಿಡಿ. ಎರಡು ಕುಟುಂಬ ಸೇರಿ ಒಂದೇ ಗಾಡಿಯಲ್ಲಿ ಹೋಗೋಣ.